ಊಟಕ್ಕೆ ಹೋಗಿದ್ದಾರೆ

ಔಷಧಿ ಅಂಗಡಿ, ಗಲ್ಲಾದ ಹಿಂದಿನ ಕುರ್ಚಿಯಿಂದ
ಗುರುವಾರ, ತಾರೀಕು ಹನ್ನೊಂದು

ಪುಟ್ಟಿಯ ಅಪ್ಪನಿಗೆ,

ಮೊದಲು ನಿಮ್ಮ ಆರೋಗ್ಯದ ಮಾತು. ಬೆನ್ನುನೋವು ಈಗ ಹೇಗಿದೆ? ಹೊಸ ಆಫೀಸಿನ ಕುರ್ಚಿ ತುಂಬಾ ಮೆತ್ತಗಿದೆ ಅಂದಿರಿ. ಮೆತ್ತನೆಯ ಕುರ್ಚಿ ಬೆನ್ನಿಗೆ ಶತ್ರು ಅಂತ ಗಿರಾಕಿಗಳಿಗೆಲ್ಲ ಹೇಳುತ್ತಿದ್ದವರು ನೀವೇ. ಸುಮ್ಮನೆ ಮಾತ್ರೆ ನುಂಗಬೇಡಿ, ಡಾಕ್ಟರಿಗೆ ತೋರಿಸಿ. ಪುಟ್ಟಿ ಚೆನ್ನಾಗಿದ್ದಾಳೆ, ಮುಂದಿನ ಹಲ್ಲು ಬಿದ್ದಿದೆ, ನಗುವಾಗ ಕೈ ಅಡ್ಡ ಹಿಡಿಯುತ್ತಾಳೆ. ಮಾವನ ವಿಷಯ ಕೆಳಗೆ ಬರೆಯುತ್ತೇನೆ. ನಾನು ಹೇಗಿದ್ದೇನೆ ಅಂತ ನೀವು ಕೇಳಲಿಲ್ಲ, ಹಾಗಾಗಿ ಅದನ್ನು ಬಿಡೋಣ. ಫೋನಿರುವಾಗ ಕಾಗದವೇಕೆ ಅನ್ನುತ್ತೀರೇನೋ. ಫೋನಿನಲ್ಲಿ ಮಾತೆಲ್ಲ ನಿಮ್ಮದು, ಹೂಂಗುಟ್ಟುವುದಷ್ಟೇ ನನ್ನ ಪಾಲಿಗೆ ಬರುತ್ತದೆ. ಕಾಗದದಲ್ಲಿ ನೀವು ನಡುವೆ ಬಾಯಿ ಹಾಕುವ ಹಾಗಿಲ್ಲ.

ಅಂಗಡಿಯ ಬಾಗಿಲು ಅರ್ಧ ಇಳಿಸಿ ಕೂತಿದ್ದೇನೆ. ಔಷಧ ಇಲಾಖೆಯವರು ಮಾರಾಟ ನಿಲ್ಲಿಸಿದ್ದಾರೆ, ಅದು ನಿಮಗೆ ಗೊತ್ತು. ಕೂತಲ್ಲಿಂದ ನಿಮ್ಮ ಫಾರ್ಮಸಿಸ್ಟ್ ಸರ್ಟಿಫಿಕೇಟು ಕಾಣುತ್ತದೆ, ಚೌಕಟ್ಟಿನೊಳಗೆ ನಿಮ್ಮ ಗಂಭೀರ ಮುಖ. ಪಕ್ಕದ ಮೊಳೆಗೆ ಬಿಳಿ ಕೋಟು. ಆ ಎರಡೂ ಮೊಳೆಗಳನ್ನು ದೂರದೂರಿನ ಕೆಲಸಕ್ಕೆ ಹೊರಡುವ ಹಿಂದಿನ ದಿನ ಹೊಡೆದವರು ನೀವು. ಡಾಕ್ಟರ ಚೀಟಿಯ ಔಷಧಿಯನ್ನು ಫಾರ್ಮಸಿಸ್ಟ್ ಎದುರಿಗಿರದೆ ಮಾರುವಂತಿಲ್ಲ ಎಂಬ ಕಾನೂನು ಮಾವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆರು ತಿಂಗಳ ಮಾತು, ಯಾರಾದರೂ ಕೇಳಿದರೆ ಊಟಕ್ಕೆ ಹೋಗಿದ್ದಾರೆ ಅನ್ನಿ ಎಂದು ಪಾಠ ಹೇಳಿಕೊಟ್ಟು ಹೋದಿರಿ. ಆರು ತಿಂಗಳು ಮೂರು ವರ್ಷವಾಯಿತು. ಬೆಳಿಗ್ಗೆ ಬಂದವರಿಗೂ ಊಟ, ಸಂಜೆ ಬಂದವರಿಗೂ ಊಟ. ಎದುರಿನ ಕ್ಷೌರದವನು ನಿಮಗೆ ಬಕಾಸುರ ಅಂತ ಹೆಸರಿಟ್ಟಿದ್ದಾನೆ. ಶಾಲೆಯಲ್ಲಿ ನಿಮ್ಮಪ್ಪ ಎಲ್ಲಿ ಅಂತ ಟೀಚರು ಕೇಳಿದ್ದಕ್ಕೆ ಪುಟ್ಟಿ ಏನು ಹೇಳಿದಳು ಅಂತ ನಾನು ಬರೆಯಬೇಕಾಗಿಲ್ಲ. ವಾರಕ್ಕೊಮ್ಮೆ ಕೋಟನ್ನು ಒಗೆದು, ಇಸ್ತ್ರಿ ಮಾಡಿ, ಜೇಬಿಗೆ ಪೆನ್ನು ಸಿಕ್ಕಿಸಿ ಅದೇ ಮೊಳೆಗೆ ಹಾಕುತ್ತಿದ್ದೆ. ಗಂಡನಿಲ್ಲದ ಮನೆಯಲ್ಲಿ ಗಂಡನ ಕೋಟಿಗೆ ಇಷ್ಟು ಸೇವೆ ಮಾಡಿದವಳು ಬೇರೊಬ್ಬಳು ಇರಲಾರಳು.

ಪರದೆಯ ವಿಷಯ ಮಾತ್ರ ನಿಮಗೆ ಪೂರ್ತಿ ಗೊತ್ತಿಲ್ಲ. ಒಳಗಿನ ಕಪಾಟಿಗೆ ಅಡ್ಡವಾಗಿ ಹಸಿರು ಪರದೆ ಇದೆಯಲ್ಲ, ನೀವು ಹೋದ ಮೇಲೆ ಮಾವ ಒಂದು ಪದ್ಧತಿ ಮಾಡಿಕೊಂಡಿದ್ದರು. ಗಿರಾಕಿ ಏನಾದರೂ ಕಷ್ಟದ ಪ್ರಶ್ನೆ ಕೇಳಿದರೆ, ಇರಿ, ಒಳಗೆ ಕೇಳಿ ಬರ್ತೀನಿ ಅಂತ ಪರದೆಯ ಹಿಂದೆ ಹೋಗುವುದು. ಅಲ್ಲಿ ಸ್ವಲ್ಪ ಹೊತ್ತು ನಿಂತು, ಒಂದೆರಡು ಮಾತು ಗೊಣಗಿ, ಹೊರಗೆ ಬಂದು ಉತ್ತರ ಹೇಳುವುದು. ಮೊದಮೊದಲು ನನಗೆ ನಗು ಬರುತ್ತಿತ್ತು. ಆಮೇಲಾಮೇಲೆ ಮಾವ ನಿಜವಾಗಿಯೂ ನಿಮ್ಮನ್ನೇ ಕೇಳಿ ಬಂದವರ ಹಾಗೆ ಮುಖ ಮಾಡತೊಡಗಿದರು. ನಲವತ್ತು ವರ್ಷ ಅಂಗಡಿಯಲ್ಲಿ ಕೂತ ಮನುಷ್ಯ, ಬಹಳಷ್ಟು ಸಲ ಉತ್ತರ ಸರಿಯೇ ಇರುತ್ತಿತ್ತು. ಅದೇ ಮುಳುವಾಯಿತು.

ಟೈಲರಮ್ಮ ನೆನಪಿದ್ದಾರಾ? ನಮ್ಮ ಮದುವೆಗೆ ನನ್ನ ರವಿಕೆ ಹೊಲಿದವರು, ಪುಟ್ಟಿ ಹುಟ್ಟಿದಾಗ ಹಳೆಯ ಬಟ್ಟೆಯಲ್ಲಿ ಲಂಗೋಟಿ ಹೊಲಿದು ಕಳಿಸಿದವರು. ಹೃದಯದ ತೊಂದರೆಗೆ ಈಗ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದಾರೆ. ಮಷಿನ್ನು ತುಳಿದೂ ತುಳಿದೂ ಮೊಣಕಾಲು ಹಿಡಿದುಕೊಂಡಿತ್ತು. ನೋವಿನ ಮಾತ್ರೆ ಕೇಳಲು ಬಂದವರು, ಪಾಪ, ಚೀಟಿ ಇಲ್ಲ ಅಂತ ತಾವೇ ಹೇಳಿದರು. ಆ ಮಾತ್ರೆಯ ಜೊತೆ ಇದು ಆಗುತ್ತದೋ ಇಲ್ಲವೋ, ಒಳಗಿರೋರನ್ನ ಒಂದು ಮಾತು ಕೇಳಿಬಿಡಿ ಅಂತಲೂ ಅಂದರು. ಕೇಳಬೇಕಾದ್ದನ್ನೇ ಆಕೆ ಕೇಳಿದರು. ಮಾವ ಪರದೆಯ ಹಿಂದೆ ಹೋದರು, ಬಂದರು, "ತಗೋಬಹುದಂತೆ" ಅಂದರು. ನಾನು ಸ್ಕೂಲಿನಿಂದ ಪುಟ್ಟಿಯನ್ನು ಕರೆತಂದು ಆಗಷ್ಟೇ ಒಳಗೆ ಕಾಲಿಟ್ಟಿದ್ದೆ, ಕೊನೆಯ ಮಾತು ಮಾತ್ರ ಕಿವಿಗೆ ಬಿತ್ತು, ಉಳಿದದ್ದು ಆಮೇಲೆ ಮಾವನೇ ಹೇಳಿದ್ದು. ವಾರ ಕಳೆಯುವುದರೊಳಗೆ ಟೈಲರಮ್ಮನಿಗೆ ಹೊಟ್ಟೆಯೊಳಗೆ ರಕ್ತಸ್ರಾವವಾಗಿ ಆಸ್ಪತ್ರೆಗೆ ಸೇರಿಸಿದರು. ಅಲ್ಲಿನ ಡಾಕ್ಟರು ಮಾತ್ರೆ ಎಲ್ಲಿಯದು ಅಂತ ಕೇಳಿ ಔಷಧ ಇಲಾಖೆಗೆ ದೂರು ಕೊಟ್ಟರು.

ಬಂದ ಆಫೀಸರಮ್ಮ ಮೆದು ಮಾತಿನವರು. ಫಾರ್ಮಸಿಸ್ಟ್ ಎಲ್ಲಿ ಅಂದರು. ಮಾವ ಅಭ್ಯಾಸಬಲದಿಂದ ಊಟಕ್ಕೆ ಹೋಗಿದ್ದಾನೆ ಅಂದರು. "ಬರಲಿ ಬಿಡಿ, ಕಾಯ್ತೀನಿ" ಅಂತ ಆಕೆ ಸ್ಟೂಲು ಎಳೆದುಕೊಂಡು ಕೂತರು. ಮಾವ ಟೀ ತರಿಸಿದರು, ಫ್ಯಾನು ಜೋರು ಮಾಡಿದರು, ಮತ್ತೆ ಟೀ ತರಿಸಿದರು. ಆಕೆ ಕೂತೇ ಇದ್ದರು. ಮನೆ ದೂರವಾ ಅಂತ ಕೇಳಿದಾಗ ಮಾವ ಇನ್ನೊಂದು ಟೀ ಬೇಕಾ ಅಂದರು, ನಮ್ಮ ಮನೆ ಇದೇ ಅಂಗಡಿಯ ಮಹಡಿಯ ಮೇಲಲ್ಲವೇ. ಕೊನೆಗೆ ಆಫೀಸರಮ್ಮ ಎದ್ದು ಕೋಟನ್ನು ಮೊಳೆಯಿಂದ ತೆಗೆದು, ತೋಳು ಬೆನ್ನು ಎಲ್ಲ ತಿರುಗಿಸಿ ನೋಡಿದರು. "ಇದನ್ನ ಹಾಕ್ಕೊಂಡು ಯಾರೂ ಒಂದ್ಸಲಾನೂ ಕೂತಿಲ್ಲ" ಅಂದರು. ನನ್ನ ಇಸ್ತ್ರಿಯ ಗೆರೆಗಳೇ ಸಾಕ್ಷಿ ಹೇಳಿದವು. ಎಂಥ ಅಚ್ಚುಕಟ್ಟಿನ ಹೆಂಡತಿ ನಾನು.

ಸೋಮವಾರ ವಿಚಾರಣೆ. ನೀವು ಫೋನಿನಲ್ಲಿ ಹೇಳಿದ್ದನ್ನು ನಿಮಗೇ ಇನ್ನೊಮ್ಮೆ ಹೇಳುತ್ತೇನೆ, ಬರಹದಲ್ಲಿ ಹೇಗಿರುತ್ತದೆ ನೋಡಿ. ನೀವು ಊರು ಬಿಟ್ಟ ದಿನವೇ ಅಂಗಡಿಯ ಕೆಲಸ ಬಿಟ್ಟಿರಂತೆ. ಅಪ್ಪ ನಿಮಗೆ ತಿಳಿಯದಂತೆ ಸರ್ಟಿಫಿಕೇಟನ್ನು ಗೋಡೆಗೆ ಹಾಕಿಕೊಂಡರಂತೆ. ಹಾಗಂತ ನಾನು ಹೇಳಬೇಕಂತೆ. "ಅಪ್ಪಂಗೆ ವಯಸ್ಸಾಗಿದೆ, ಅವರಿಗೇನೂ ಮಾಡಲ್ಲ, ನನ್ನ ಮುಂದಿನ ಬದುಕು ನೋಡು." ಇದು ನಿಮ್ಮ ಬಾಯಿಂದ ಬಂದ ಮಾತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಮುದುಕ ಒಬ್ಬ ಸಿಕ್ಕಿಬಿದ್ದರೆ ಸಾಕು. ಟೈಲರಮ್ಮ ಬದುಕಿದ್ದಾರಾ ಅಂತ ನೀವು ಕೇಳಲೇ ಇಲ್ಲ. ಆ ಫೋನು ಇಟ್ಟಾಗಿನಿಂದ ನನಗೆ ನಿಮ್ಮ ಮೇಲೆ ಬಂದಿರುವ ಸಿಟ್ಟು ಇಳಿದಿಲ್ಲ. ಮಾವನಿಗೆ ತಿಳಿಸಿದೆ. ಅವರು ತಮ್ಮ ಕನ್ನಡಕ ಒರೆಸುತ್ತಾ, ಅವನು ಹೇಳಿದ ಹಾಗೇ ಆಗಲಿ ಬಿಡಮ್ಮ ಅಂದರು. ಅವತ್ತಿನಿಂದ ಅಂಗಡಿಗೆ ಇಳಿದಿಲ್ಲ. ಊಟಕ್ಕೆ ಕರೆದರೆ ಎದ್ದು ಬರುತ್ತಾರೆ, ತಟ್ಟೆಯ ಮುಂದೆ ಕೂರುತ್ತಾರೆ, ಹಾಗೇ ಎದ್ದು ಹೋಗುತ್ತಾರೆ.

ಟೈಲರಮ್ಮ ಅಪಾಯದಿಂದ ಪಾರಾಗಿದ್ದಾರೆ. ನಿನ್ನೆ ನೋಡಲು ಹೋಗಿದ್ದೆ. ಕೈಗಳು ಬಿಳಿಚಿಕೊಂಡು ಹೊದಿಕೆಯ ಮೇಲೆ ಬಿದ್ದಿದ್ದವು. ಸೂಜಿಗೆ ದಾರ ಪೋಣಿಸುವ ಶಕ್ತಿಯೂ ಸದ್ಯಕ್ಕಿಲ್ಲ. ಬೈಯುತ್ತಾರೆ ಅಂದುಕೊಂಡಿದ್ದೆ, ಬೈದಿದ್ದರೆ ಒಳ್ಳೆಯದಿತ್ತು. ಆಕೆ ನನ್ನ ಕೈ ಹಿಡಿದು, "ನಿಮ್ಮ ಯಜಮಾನ್ರನ್ನ ಏನೂ ಅನ್ಬೇಡ ಕಣಮ್ಮ. ಒಳಗಿಂದಾನೇ ಹೇಳಿದ್ರು, ನನ್ನ ಮುಖ ನೋಡಿರ್ಲಿಲ್ಲ. ನೋಡಿದ್ರೆ ಹಾಗೆ ಹೇಳ್ತಿರ್ಲಿಲ್ಲ" ಅಂದರು. ಆಫೀಸರಮ್ಮನಿಗೂ ಹಾಗೇ ಹೇಳಿದ್ದಾರಂತೆ, ಒಳಗೆ ನೀವಿದ್ದಿರಿ ಅಂತ. ನಿಮ್ಮ ಪರವಾಗಿ ಮಾತಾಡಲು ಈ ಊರಿನಲ್ಲಿ ಉಳಿದಿರುವವರು ಅವರೊಬ್ಬರೇ. ನಾನು ಅವರ ಕೈಯನ್ನು ಹೊದಿಕೆಯ ಒಳಗಿಟ್ಟು ಎದ್ದು ಬಂದೆ.

ಸ್ವೆಟರು ಹಾಕಿಕೊಳ್ಳಿ, ಹೊತ್ತಿಗೆ ಸರಿಯಾಗಿ ಉಣ್ಣಿ. ಉಣ್ಣುವ ವಿಷಯದಲ್ಲಿ ನಿಮಗೆ ಹೇಳಿಕೊಡಬೇಕಿಲ್ಲ. ಪುಟ್ಟಿ ಮುತ್ತು ಕಳಿಸಿದ್ದಾಳೆ, ಬಿದ್ದ ಹಲ್ಲನ್ನು ನಿಮಗೆ ತೋರಿಸಲು ಎತ್ತಿಟ್ಟಿದ್ದಾಳೆ. ಮಾವ ಏನೂ ಹೇಳಿಕಳಿಸಿಲ್ಲ.

ಇಂತಿ,
ಪುಟ್ಟಿಯ ಅಮ್ಮ

ಮತ್ತೆ: ಕವರು ಅಂಟಿಸುವ ಮುನ್ನ ಇನ್ನೊಮ್ಮೆ ಆಸ್ಪತ್ರೆಗೆ ಹೋಗಿ ಬಂದೆ, ಅದಕ್ಕೇ ಅವಸರದ ಅಕ್ಷರ. ಪರದೆಯ ಹಿಂದೆ ಅವತ್ತು ಯಾರೂ ಇರಲಿಲ್ಲ, ಮೂರು ವರ್ಷದಿಂದ ಯಾರೂ ಇಲ್ಲ ಅಂತ ಟೈಲರಮ್ಮನಿಗೆ ಹೇಳಿಬಿಟ್ಟೆ. ಆಕೆ ಹಿಡಿದಿದ್ದ ನನ್ನ ಕೈ ಬಿಟ್ಟರು. ಆಮೇಲೆ, "ಹಾಗಾದ್ರೆ ನಾನು ಯಾರನ್ನ ಕೇಳ್ದೆ?" ಅಂದರು. ಸೋಮವಾರ ವಿಚಾರಣೆಯಲ್ಲಿಯೂ ಇದನ್ನೇ ಹೇಳುತ್ತೇನೆ, ಮಾವ ಮಾಡಿದ್ದು, ನೀವು ಮೊಳೆ ಹೊಡೆದದ್ದು, ನಾನು ಒಗೆದದ್ದು, ಎಲ್ಲವನ್ನೂ. ಮಾವನನ್ನೂ ಜೊತೆಗೆ ಕರೆದುಕೊಂಡು ಹೋಗುತ್ತೇನೆ. ಟೈಲರಮ್ಮನ ಪ್ರಶ್ನೆಗೆ ಉತ್ತರ ನೀವು ಬಂದು ಹೇಳಿ. ಈ ವಾರ ನಿಮ್ಮ ಕೋಟು ಒಗೆದಿಲ್ಲ.