ಪೂಜೆಗಿಟ್ಟ ಹಗ್ಗ

21-9-98, ಸೋಮವಾರ. ಬೆಳಿಗ್ಗೆ. ದಾವಣಗೆರೆ, ಅಕ್ಕನ ಮನೆ

ದಾವಣಗೆರೆ ಜಿಲ್ಲೆಯಲ್ಲಿ ಹುಲಿಯ ಎದುರು ನಿಂತು ಬೀಡಿ ಹಚ್ಚಿದವನು ನಾನೊಬ್ಬನೇ. ನಾಚಿ ಹಿಂದೆ ಸರಿದದ್ದು ಹುಲಿ. ತಿಂಡಿಗೆ ಕೂತಾಗ ಇದನ್ನೇ ಹೇಳಿದೆ. ಸರ್ವಮಂಗಳಕ್ಕ ಮಂಡಕ್ಕಿ ಒಗ್ಗರಣೆ ಬಡಿಸುತ್ತ, "ಹೋದ ಸಲ ಚಿರತೆ ಇತ್ತಲ್ಲೋ ಕೆಂಚ?" ಅಂದಳು. ಇದ್ದಿರಬಹುದು. ಅದೂ ಬೆಳೆಯಬೇಕಲ್ಲ.

ಅಕ್ಕನ ಮಗಳು ರಶ್ಮಿತಾ ಕಾಡಿನಲ್ಲಿ ಬದುಕುವುದನ್ನು ಕಲಿಸುವ ಕೋರ್ಸಿಗೆ ಹೊರಟಿದ್ದಾಳೆ. ವಿಜಯದಶಮಿ ಮಧ್ಯಾಹ್ನ ಬಸ್ಸು. ಗುಡಾರ ಕಟ್ಟುವುದು, ಕಡ್ಡಿ ಉಜ್ಜಿ ಬೆಂಕಿ ಮಾಡುವುದು... ಸಾಮಾನು ಅವರವರದೇ. "ಹುಡುಗಿಗ್ಯಾಕ ಕಾಡು" ಎಂದು ಭಾವ ಮಾತೇ ಬಿಟ್ಟಿದ್ದರು. ಎದೆ ತಟ್ಟಿ ಒಪ್ಪಿಸಿದವನು ನಾನು — ಸಾಮಾನು ನನ್ನ ಜವಾಬ್ದಾರಿ, ಎಲ್ಲ ಮಿಲಿಟರಿ ಮಾಲು, ಹರಿಹರದಲ್ಲಿ ಯಾರೂ ನನಗೆ 'ಇಲ್ಲ' ಅನ್ನುವುದಿಲ್ಲ. ಅಕ್ಕ ಎರಡು ಸಾವಿರ ಕೈಗಿಟ್ಟಳು.

22-9. ಹರಿಹರ

ಬಸ್ ಸ್ಟ್ಯಾಂಡಿನ ಹಿಂದೆ ಹಳೇ ಗೆಳೆಯರು. ಅಂದರ್ ಬಾಹರ್ ನಡೆದಿತ್ತು. ಸುಮ್ಮನೆ ನೋಡಲು ಕೂತೆ. ಸ್ವಲ್ಪ ಹೋಯಿತು. ನೂರೋ ನೂರೈವತ್ತೋ. ಬರೆಯುವಷ್ಟೇನಲ್ಲ.

26-9, ಶನಿವಾರ. ಕಡರನಾಯಕನಹಳ್ಳಿ, ನಮ್ಮ ಮನೆ

ನೂರೈವತ್ತಲ್ಲ. ಆರುನೂರು ಅನ್ನೋಣ.

ಬೆನ್ನಿಗೆ ಹಾಕುವ ಚೀಲ ಪಕ್ಕದ ಸಾರಥಿ ಊರಿನ ಗೆಳೆಯನ ಮಗನದು. ಎನ್‌ಸಿಸಿ ಚೀಲ, ಎರವಲು. ತಾರ್ಪಾಲು ನಮ್ಮ ಕಣದ್ದೇ, ಭತ್ತದ ಹೊಟ್ಟು ಕೊಡವಿ ಮಡಚಿದೆ. ಮಚ್ಚು ಹಿತ್ತಲಿನದು, ಕಲ್ಲಿಗೆ ತಿಕ್ಕಿದೆ. ನೀರಿಗೆ ಎಣ್ಣೆಯ ಕ್ಯಾನು, ಬೂದಿ ಹಾಕಿ ತೊಳೆದಿದ್ದೇನೆ. ವಾಸನೆ ಮಾತ್ರ...

ಹಗ್ಗ ಎಲ್ಲೂ ಎರವಲು ಹುಟ್ಟಲಿಲ್ಲ. ಹರಿಹರದ ಮಕ್ತುಮ್ ಸಾಬರ ಗುಜರಿ ಅಂಗಡಿಗೆ ಹೋದೆ. ಬಿಳಿ ನೈಲಾನ್, ಬೆರಳುದಪ್ಪ, ನೋಡಲು ಹೊಸದೇ.

"ಯಾತಕ್ರೀ ಹಗ್ಗ?"

ಕಾಡಿನ ಕೋರ್ಸಿಗೆ ಎಂದರೆ ರೇಟು ಏರಿಸುತ್ತಾರೆ. "ಎಮ್ಮೆ ಕಟ್ಟಾಕ" ಅಂದೆ.

"ಎಮ್ಮಿಗಾದ್ರ ತಗೊಂಡ್ಹೋಗ್ರಿ."

ಆ "ಎಮ್ಮಿಗಾದ್ರ" ದಾರಿಯುದ್ದಕ್ಕೂ ಕಿವಿಯಲ್ಲೇ ಕೂತಿತ್ತು.

29-9. ಸಂಜೆ. ದಾವಣಗೆರೆ

ಸಾಮಾನು ಒಪ್ಪಿಸಿದೆ. ರಶ್ಮಿತಾ ಕ್ಯಾನು ಮೂಸಿ, "ಮಾಮ, ಮಿಲಿಟರಿಯೋರು ಶೇಂಗಾ ಎಣ್ಣೆ ಕುಡೀತಾರಾ?" ಅಂದಳು. ಎಲ್ಲರೂ ನಕ್ಕರು, ನಾನೂ.

ಆಮೇಲೆ ಹಗ್ಗವನ್ನು ಸೊಂಟಕ್ಕೆ ಸುತ್ತಿ ನೋಡಿಕೊಂಡಳು. "ನಾಲ್ಕನೇ ದಿನ ಹಳ್ಳ ದಾಟಿಸ್ತಾರಂತೆ. ಈ ಬಂಡೆಯಿಂದ ಆ ಬಂಡೆಗೆ. ಅವರವರ ಹಗ್ಗಕ್ಕೆ ಜೋತು ಬಿದ್ಕೊಂಡು."

ಗುಡಾರ ಕಟ್ಟಲಿಕ್ಕೆ ಅಂದುಕೊಂಡಿದ್ದೆನಲ್ಲ...

ಭಾವ ಪೇಪರಿನಿಂದ ತಲೆ ಎತ್ತಿದರು. "ಮಾಮ ತಂದಿದ್ದಲ್ಲೇನು? ಗಟ್ಟಿ ಇರ್ತೈತೆ ಬಿಡು." ಇಷ್ಟು ವರ್ಷದಲ್ಲಿ ನನ್ನನ್ನು ನಂಬಿ ಅವರು ಆಡಿದ ಮೊದಲ ಮಾತು. ಇವತ್ತೇ ಆಡಬೇಕಿತ್ತೇ?

30-9. ಬೆಳಿಗ್ಗೆ ಹನ್ನೊಂದು

ಆಯುಧಪೂಜೆ. ಹಗ್ಗವನ್ನು ಒಮ್ಮೆ ಜಗ್ಗಿ ನೋಡೋಣ ಎಂದು ಎದ್ದು ಬಂದರೆ, ಅಕ್ಕ ಆಗಲೇ ಎಲ್ಲವನ್ನೂ ದೇವರ ಮುಂದೆ ಜೋಡಿಸಿಬಿಟ್ಟಿದ್ದಾಳೆ. ಚೀಲ, ಮಚ್ಚು, ಹಗ್ಗ. ವಿಭೂತಿ ಬಳಿದು, ಕುಂಕುಮ ಇಟ್ಟು, ಚೆಂಡುಹೂವು ಸುತ್ತಿ. ಕೈ ಚಾಚಿದೆ. "ಮುಟ್ಟಬ್ಯಾಡ! ನಾಳೆ ನಾ ಕದಲಿಸೋ ತನಕ ಯಾರೂ ಮುಟ್ಟಂಗಿಲ್ಲ."

ಸಂಜೆ ನಾಲ್ಕು. ಹರಿಹರ

ತಡೆಯಲಾರದೆ ಮಕ್ತುಮ್ ಸಾಬರಲ್ಲಿಗೆ ಬಂದೆ. "ಎಮ್ಮಿ ಹೆಂಗೈತ್ರಿ?" ಅಂದರು. ಎಮ್ಮೆ ಇಲ್ಲ ಅಂದೆ. ಹುಡುಗಿ ಅಂದೆ. ಹಳ್ಳ ಅಂದೆ.

ಕೈಯಲ್ಲಿದ್ದ ಚಹಾ ಕೆಳಗಿಟ್ಟರು. "ಯಾ ಅಲ್ಲಾ! ಅದು ಆಸಿಡ್ ಲಾರಿ ಮ್ಯಾಲಿದ್ದ ಹಗ್ಗ ಕಣ್ರೀ. ಹೊರಗ ಚಂದ, ಒಳಗ ಏನೂ ಇಲ್ಲ. ಮನಿಷಾರ ಭಾರ ಹಾಕಬ್ಯಾಡ್ರಿ. ಮೊದ್ಲೇ ಹೇಳಾಕ ಏನಾಗಿತ್ತು ನಿಮಗ?"

ಏನಾಗಿತ್ತು ನನಗೆ.

1-10, ಗುರುವಾರ. ಬೆಳಿಗ್ಗೆ ಆರು. ದಾವಣಗೆರೆ

ಹಗ್ಗ ಅಲ್ಲೇ ಇದೆ. ಹೂವು ಬಾಡಿದೆ. ಕದ್ದು ಎತ್ತೋಣವೆಂದರೆ ಅಕ್ಕ ದೇವರ ಮನೆ ಬಿಟ್ಟು ಕದಲುತ್ತಿಲ್ಲ. ಇಲಿ ಕಡಿಯಿತು ಅನ್ನಲೇ? ಬಸ್ಸಿಗೆ ಹತ್ತಿಸುವಾಗ ಮರೆತಂತೆ ಮಾಡಲೇ? ಹುಲಿಯ ಎದುರು ನಿಂತವನು ನಾನು, ಅಕ್ಕನ ಎದುರು...

ಅದೇ ದಿನ. ಮಧ್ಯಾಹ್ನ, ಬಸ್ಸು ಹೋದ ಮೇಲೆ

ಮಂಗಳಾರತಿ ಆಯಿತು. ಅಕ್ಕ ಒಂದೊಂದಾಗಿ ಕದಲಿಸಿದಳು. ಹಗ್ಗದ ಹತ್ತಿರ ನಿಂತಳು. "ಇದನ್ನ ನೀನೇ ಎತ್ತಿ ಹುಡುಗಿ ಹೆಗಲಿಗೆ ಹಾಕು. ಸೋದರಮಾವನ ಕೈ ಒಳ್ಳೇದು."

ಎತ್ತಿದೆ. ಹೆಗಲವರೆಗೂ ಒಯ್ದೆ. ಅವಳು ತಲೆ ಬಗ್ಗಿಸಿ ನಿಂತಿದ್ದಳು, ಹಾರ ಹಾಕಿಸಿಕೊಳ್ಳುವಂತೆ. ಆಗಲಿಲ್ಲ. ಕಿಟಕಿಯ ಸರಳಿಗೆ ಕಟ್ಟಿ, ಕಾಲು ಕೊಟ್ಟು ಜಗ್ಗಿದೆ. ಟಪ್ ಅಂತು. ಹೂವಿನ ರಾಶಿಯ ಮೇಲೆ ಅಂಗಾತ ಬಿದ್ದೆ.

ಯಾರೂ ನಗಲಿಲ್ಲ.

"ಮಾಮ, ನಿಮಗ ಗೊತ್ತಿತ್ತಾ?"

"ನಿನ್ನೆಯಿಂದ."

ಕೋರ್ಸು ಬೇಡ ಅನ್ನಲು ಭಾವನಿಗೆ ಇದಕ್ಕಿಂತ ಬೇರೆ ನೆಪ ಬೇಕೇ? ಅವರು ಹಿತ್ತಲಿಗೆ ಹೋದರು. ಬಾವಿಯ ಕೊಡ ಮೇಲೆಳೆದು, ಸೇದುವ ಹಗ್ಗ ಬಿಚ್ಚಿ ತಂದರು. ಒದ್ದೆಯಾಗಿಯೇ ಮಗಳ ಹೆಗಲಿಗೆ ಸುತ್ತಿದರು. "ಹೋಗಿ ಬಾ" ಅಂದರು. ಅಷ್ಟೇ.

ಬಸ್ಸು ಹೋಯಿತು. ಮನೆಗೆ ಬಂದ ಮೇಲೆ ಅಕ್ಕ ಕೇಳಿದಳು, "ಈಗ ಖರೇ ಹೇಳು ಕೆಂಚ. ಎಷ್ಟು ಕಳಕೊಂಡಿ?"

"ಏಳ್ನೂರು."

ನನ್ನನ್ನೇ ನೋಡಿದಳು. ಖಾಲಿ ಕೊಡವನ್ನು ನನ್ನ ಮುಂದಿಟ್ಟು ಒಳಗೆ ಹೋದಳು.

ಬಾವಿಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಇಲ್ಲಿ ಕೇಳುವವರು ಯಾರೂ ಇಲ್ಲ.

ಸಾವಿರದ ಒಂಬೈನೂರ ಅರವತ್ತು. ಉಳಿದ ನಲವತ್ತಕ್ಕೆ ಆ ಹಗ್ಗ —