ಫಾರಂನಲ್ಲಿ ಬರೆದ ಮನೆಮಾತು

ಪಕ್ಕದ ಮನೆಯ ಐನೋ ಅಜ್ಜಿಗೆ,

ನಿಮಗೆ ಕನ್ನಡ ಓದಲು ಬರುತ್ತಿರಲಿಲ್ಲ, ನನಗೆ ಇಂಗ್ಲಿಷ್ ಬರೆಯಲು ಬರುವುದಿಲ್ಲ. ಐದನೇ ಕ್ಲಾಸಿನವರೆಗೆ ಕಲಿತ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನೀವಿರುವ ಕಡೆ ಯಾರಾದರೂ ಓದಿ ಹೇಳಬಹುದು, ಅಲ್ಲವೇ?

ನಾವು ಅಮೆರಿಕದ ಈ ಕ್ಯಾರಲ್ಟನ್‌ಗೆ ಬಂದ ಹೊಸತು. ಮೆಟ್ಟಿಲ ಮೇಲೆ ಮಗಳು ಶ್ರಾವ್ಯಳಿಗೆ ಶೂ ಹಾಕಿಸುತ್ತಾ ತುಳುವಿನಲ್ಲಿ ಮಾತಾಡುತ್ತಿದ್ದೆ. ನಿಮ್ಮನ್ನು ಕಂಡದ್ದೇ ಬಾಯಿ ಮುಚ್ಚಿಕೊಂಡೆ. "ಯಾಕೆ ನಿಲ್ಲಿಸಿದೆ? ನಾನೇನು ಪೊಲೀಸಾ?" ಎಂದಿರಿ. ನೀವೂ ನನ್ನಂತೆ ಬೇರೆ ದೇಶದಿಂದ ಬಂದವರು, ಇಬ್ಬರದೂ ಅರೆಬರೆ ಇಂಗ್ಲಿಷ್. ಆದರೂ ಈ ಊರಿನಲ್ಲಿ ನಾನು ಹೆದರದೆ ಮಾತಾಡಿದ್ದು ನಿಮ್ಮೊಬ್ಬರ ಜೊತೆ ಮಾತ್ರ.

ಶಾಲೆಯ ಫಾರಂ ಬಂದ ದಿನ ನೆನಪಿದೆಯೇ? ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ ಎಂದು ಅದರಲ್ಲಿ ಕೇಳಿದ್ದರು. ಮೇಲಿನ ಮನೆಯ ಮೈಸೂರಿನ ಸುಮಾ ಆಂಟಿ ಹೇಳಿದರು: "ಇಂಗ್ಲಿಷ್ ಅಂತ ಹಾಕ್ಬಿಡಮ್ಮ, ತಲೆನೋವೇ ಇರಲ್ಲ. ನಾನು ಕನ್ನಡ ಅಂತ ಬರ್ದಿದ್ದಕ್ಕೆ ನನ್ನ ಮಗನ್ನ ಇಂಗ್ಲಿಷ್ ಟೆಸ್ಟಿಗೆ ಕೂರಿಸಿದ್ರು. ಅವನು ನಿದ್ದೇಲೂ ಇಂಗ್ಲಿಷೇ ಕನವರಿಸ್ತಾನೆ! ಇನ್ನು ತುಳು ಅಂದ್ರೆ, ಅದೇನು ಸ್ಪೆಷಲ್ ದೋಸೆನಾ ಅಂತ ಕೇಳ್ತಾರೆ ಅಷ್ಟೆ." ನಾನು ಇಂಗ್ಲಿಷ್ ಎಂದೇ ಬರೆದೆ. ಟೆಸ್ಟಿನಲ್ಲಿ ಮಗಳೂ ನನ್ನ ಹಾಗೆ ಬಾಯಿ ಬಿಡದೆ ಕೂತರೆ...

ಅದನ್ನು ನೋಡಿ ನೀವು ಬಯ್ಯಲಿಲ್ಲ. ಪೆಟ್ಟಿಗೆಯಿಂದ ಒಂದು ಹಳೆಯ ಕಾಗದ ತೆಗೆದಿರಿ. ಸ್ವೀಡನ್ನಿನ ಉತ್ತರದ ತುದಿಯ ನಿಮ್ಮ ಹಳ್ಳಿಯ ಶಾಲೆಯಲ್ಲಿ ನಿಮ್ಮ ಮನೆಮಾತು ಮೆಯಾನ್‌ಕಿಯೆಲಿ ಆಡಿದರೆ ಶಿಕ್ಷೆ ಇತ್ತಂತೆ. ಆ ಹೆಸರಿನ ಅರ್ಥವೇ 'ನಮ್ಮ ಭಾಷೆ'. ಆ ಹೆದರಿಕೆಯಲ್ಲಿ ನಿಮ್ಮ ಮಗಳಿಗೆ ನೀವು ಸ್ವೀಡಿಷ್ ಮಾತ್ರ ಕಲಿಸಿದಿರಿ. ಆಮೇಲೆ ಸರ್ಕಾರ ಐದು ಭಾಷೆಗಳನ್ನು ದೇಶದ ಅಲ್ಪಸಂಖ್ಯಾತ ಭಾಷೆಗಳೆಂದು ಒಪ್ಪಿಕೊಂಡಿತು. ಅದರಲ್ಲಿ ನಿಮ್ಮದೂ ಒಂದು. ನಿಮ್ಮೂರಿನ ಆಫೀಸಿನಲ್ಲಿ ಆ ಭಾಷೆಯಲ್ಲೇ ಕೇಳುವ, ಉತ್ತರ ಪಡೆಯುವ ಹಕ್ಕು ಬಂತು.

"ಅರವತ್ತು ದಾಟಿದ ಮೇಲೆ ಆಫೀಸಿನವರು ನನ್ನ ಭಾಷೆಯಲ್ಲಿ ನನಗೆ ಈ ಕಾಗದ ಬರೆದರು. ಅಕ್ಷರ ಕೂಡಿಸಿ ಕೂಡಿಸಿ ಓದಿ ಅತ್ತುಬಿಟ್ಟೆ. ಮಗಳಿಗೂ ಓದಿ ಹೇಳಿದೆ. ಅವಳಿಗೆ ಒಂದು ಮಾತೂ ತಿಳಿಯಲಿಲ್ಲ. ಅದಕ್ಕೆ ಸರ್ಕಾರ ಏನು ಮಾಡೀತು?" ಎಂದಿರಿ.

ನಾಳೆ ತಿದ್ದುತ್ತೇನೆ ಎಂದೆ. ತಿದ್ದಲಿಲ್ಲ, ಹಾಗೆಯೇ ಕೊಟ್ಟು ಬಂದೆ. ನಾಚಿಕೆಯಾಗಿ ನಿಮಗೆ ಹೇಳಲೂ ಇಲ್ಲ. ಆ ವಾರವೇ ನೀವು...

ನಿಮ್ಮನ್ನು ಮಣ್ಣು ಮಾಡಿದ ಮರುದಿನ ಶಾಲೆಗೆ ಹೋಗಿ, ಫಾರಂ ತಪ್ಪಾಗಿದೆ, ಬದಲಾಯಿಸಬೇಕು ಎಂದೆ. ನಮ್ಮ ದೇಶದ ಸಂವಿಧಾನದ ಭಾಷೆಗಳ ಪಟ್ಟಿಯಲ್ಲೇ ತುಳುವಿಗೆ ಇನ್ನೂ ಜಾಗ ಸಿಕ್ಕಿಲ್ಲ, ಇವರಲ್ಲಿ ಎಲ್ಲಿ ಸಿಗಬೇಕು? ಕೌಂಟರಿನಲ್ಲಿದ್ದವರು ಕೇಳಿದರು, "ತುಳು? ಯಾವ ದೇಶದ್ದು?"

"ನಮ್ಮ ಮನೆಯದು" ಎಂದುಬಿಟ್ಟೆ. ಅವರು ನಕ್ಕು ಬರೆದುಕೊಂಡರು. ಅಷ್ಟು ಧೈರ್ಯ ನನಗೆ ಎಲ್ಲಿಂದ ಬಂತು ಎಂದು ನಿಮಗೆ ಹೇಳಬೇಕೇ?

ಸುಮಾ ಆಂಟಿ ಹೇಳಿದಂತೆಯೇ ಶ್ರಾವ್ಯಳನ್ನು ಟೆಸ್ಟಿಗೆ ಕೂರಿಸಿದರು. ಪಾಸಾದಳು, ಅಜ್ಜಿ. ನಿನ್ನೆ ಫೋನಿನಲ್ಲಿ ಊರಿನ ನನ್ನ ಅಮ್ಮನಿಗೆ ಆ ಕಥೆಯನ್ನೆಲ್ಲ ತುಳುವಿನಲ್ಲೇ ಹೇಳಿದಳು. ನಾನು ನಡುವೆ ಬಾಯಿ ಹಾಕಿದ್ದಕ್ಕೆ, "ಅಮ್ಮ, ಈ ಮನಿಪಂದೆ ಕುಲ್ಲು!" ಎಂದಳು. 'ನೀನು ಸುಮ್ಮನೆ ಕೂತುಕೋ' ಎಂದು. ಕೂತುಕೊಂಡೆ.