ಬಲಗಡೆ ಸೀಟಿನ ಧ್ವನಿ

6 ಸೆಪ್ಟೆಂಬರ್ 2025, ಶನಿವಾರ. ಮಡಕಶಿರಾ

ಮತ್ತೆ ಬಂದೆ. ರಾಯದುರ್ಗದಿಂದ ಮೂರು ಬಸ್ಸು. ಕಲ್ಯಾಣದುರ್ಗದಲ್ಲಿ ಟೀ, ಪಾವಗಡದಲ್ಲಿ ಟೀ. ನಾನು ಪಾಠ ಮಾಡುವ ಕಾಲೇಜಿನಲ್ಲಿ ಯಾರಾದರೂ ಕೇಳಿದರೆ ಅಕ್ಕನ ಮನೆಗೆ ಎನ್ನುತ್ತೇನೆ. ಸುಳ್ಳಲ್ಲ.

ವಿಮಾನ ಹಳೆಯ ಕಡಲೆಕಾಯಿ ಮಿಲ್ಲಿನಲ್ಲಿದೆ. ಎರಡು ಸೀಟು, ಅಲ್ಯೂಮಿನಿಯಂ ಮೈ, ಬಟ್ಟೆಯ ರೆಕ್ಕೆ. ಭಾವ ಲಕ್ಷ್ಮೀನರಸಪ್ಪ ವಾಯುಸೇನೆಯಲ್ಲಿ ಫಿಟ್ಟರ್ ಆಗಿದ್ದವರು. ರಿಟೈರ್ ಆದಮೇಲೆ ಕಟ್ಟಲು ಶುರುಮಾಡಿದರು. ಕಟ್ಟುತ್ತ ಕಟ್ಟುತ್ತ ಕಣ್ಣು ಹೋಯಿತು. ಗ್ಲಾಕೋಮಾ. ಬಲಗಣ್ಣು ಪೂರ್ತಿ, ಎಡದಲ್ಲಿ ಕೀಲಿರಂಧ್ರದಷ್ಟು ಬೆಳಕು. ಪರೀಕ್ಷಾ ಹಾರಾಟದ ಪರ್ಮಿಟ್ ಬಂದದ್ದು ಅದಾದಮೇಲೆ.

ಹಾರಿಸುವವನು ಅರುಣ್‌ಕುಮಾರ್, ಲೈಸೆನ್ಸ್ ಇರುವವನು. ಎಡ ಸೀಟು ಅವನದು. ಬಲ ಸೀಟಿನಲ್ಲಿ ಭಾವ. ಅಲ್ಲೂ ವಿಮಾನ ನಡೆಸುವ ಒಂದು ಸ್ಟಿಕ್ ಇದೆ. ಮೇಲೆ ಹೋದಮೇಲೆ ಸ್ವಲ್ಪ ಹೊತ್ತು ಇವರ ಕೈಗೆ. ಒಪ್ಪಂದ ಅಷ್ಟೇ.

ಬಲ ಸೀಟಿನ ಮುಂದೆ, ಕಣ್ಣು ಬೇಡದ ಪ್ಯಾನೆಲ್ ಆಗಬೇಕು. ಬೆರಳಿಗೆ ತಿಳಿಯಬೇಕು, ಕಿವಿಗೆ ತಿಳಿಯಬೇಕು. ಅದು ನನ್ನ ಪಾಲಿನ ಕೆಲಸ.

"ಎಷ್ಟು ಸ್ಪೀಡು, ಎಷ್ಟು ಎತ್ರ ಅಂತ ಪಕ್ಕದೋನ್ನ ಕೇಳ್ಕಂಡು ಹಾರೋದಾದ್ರೆ ನಾನು ಬಸ್ಸಲ್ಲೇ ಹೋಯ್ತೀನಿ ಕಣಯ್ಯ ಪ್ರಸಾದ," ಎಂದರು ಭಾವ. "ಚಪ್ಲಿ ಎಲ್ಲೈತೆ, ಲೋಟ ಎಲ್ಲೈತೆ, ದಿನಾ ಕೇಳ್ಕಂಡೇ ಬದುಕ್ತಾ ಇವ್ನಿ. ಅಲ್ಲೊಂದ್ ಕಡೆ ಯಾರ್ನೂ ಕೇಳ್ಬಾರ್ದು."

9 ಸೆಪ್ಟೆಂಬರ್, ಮಂಗಳವಾರ. ರಾಯದುರ್ಗ

ಎದುರುಮನೆ ಎರ್ರಪ್ಪನ ಜೀನ್ಸ್ ಹೊಲಿಗೆ ಯೂನಿಟ್. ರಿವೆಟ್ ಬೇಕಿತ್ತು — ಜೇಬಿನ ಮೂಲೆಗೆ ಹೊಡೆಯುವ ತಾಮ್ರದ ಗುಂಡಿ.

"ವಿಮಾನಕ್ಕ ಇವು ಯಾಕ್ರಿ ಸಾರ್? ಪ್ಯಾಂಟು ಹಾಕ್ತೀರೇನ್ರಿ ಅದಕ್ಕ?"

ಕಣ್ಣು ಕಾಣದವರು ಮುಟ್ಟಿ ಗುರುತು ಹಿಡಿಯಲು, ಎಂದೆ. ಪೆಟ್ರೋಲಿನ ಸ್ವಿಚ್ಚಿಗೆ ಒಂದು, ಎಂಜಿನ್ನಿಗೆ ಎರಡು, ಹೀಗೆ.

ಒಂದು ಮುಷ್ಟಿ ಕೊಟ್ಟ. "ರೊಕ್ಕ ಬ್ಯಾಡ್ರಿ. ಮ್ಯಾಲಿಂದ ನಮ್ ಓಣಿ ಕಂಡ್ರ ಒಮ್ಮಿ ಕೈ ಬೀಸು ಅನ್ರಿ ಅವ್ರಿಗೆ."

ಕಾಣುವುದಿಲ್ಲ ಎಂದೆನಲ್ಲ.

"ಹೌದಲ್ರಿ."

ಇಬ್ಬರೂ ನಕ್ಕೆವು. ತಡವಾಗಿ.

21 ಸೆಪ್ಟೆಂಬರ್, ಭಾನುವಾರ. ಮಡಕಶಿರಾ

ಪ್ಯಾನೆಲ್ ಕೂತಿತು. ಗುಂಡಿ ಒತ್ತಿದರೆ ಎತ್ತರ, ಎಂಜಿನ್ನಿನ ಬಿಸಿ. ಓಡುವಾಗ ಸ್ಪೀಡನ್ನು ತಾನಾಗಿಯೇ ಹೇಳುತ್ತದೆ. ಭಾವನ ಹೆಡ್‌ಫೋನಿಗೆ ಮಾತ್ರ. ಅರುಣ್ ನಂಬುವುದು ತನ್ನ ತೊಡೆಗೆ ಕಟ್ಟಿಕೊಂಡ ಜಿಪಿಎಸ್.

ಯಾರ ಧ್ವನಿ ಎಂಬುದು ಹೋದ ವಾರವೇ ತೀರ್ಮಾನವಾಗಿತ್ತು. ಅಕ್ಕನದು ಇರಲಿ ಎಂದಿದ್ದೆ.

"ಬ್ಯಾಡಪ್ಪ. ಕೆಳ್ಗೂ ಮಂಗಳಾ, ಮೇಲೂ ಮಂಗಳಾನೇನಾ?"

"ನಂಗೂ ಬ್ಯಾಡ," ಒಳಗಿನಿಂದ ಅಕ್ಕ. "ಬಿದ್ರೆ ಹೆಂಡ್ತಿ ಮಾತು ಕೇಳಿ ಬಿದ್ದ ಅಂತಾರೆ ಜನ."

ಹಾಗಾಗಿ ನನ್ನದು. ಫಿಸಿಕ್ಸ್ ಲ್ಯಾಬಿನಲ್ಲಿ ಫ್ಯಾನ್ ನಿಲ್ಲಿಸಿ ರೆಕಾರ್ಡ್ ಮಾಡಿದೆ. ಸೊನ್ನೆ. ಹತ್ತು. ಇಪ್ಪತ್ತು... ಹಾಕಿ ಕೇಳಿದೆ. ಯಾರ ಬಗ್ಗೆಯೂ ಏನೂ ಅನ್ನಿಸದ ಮನುಷ್ಯನ ಧ್ವನಿ. ಉಪಕರಣಕ್ಕೆ ಇಂಥದ್ದೇ ಸರಿ.

ರೊಳ್ಳದ ರಸ್ತೆಯ ಬಯಲಿನಲ್ಲಿ ಅರುಣ್ ಭಾವನ ಹೆಡ್‌ಫೋನ್ ಹಾಕಿಕೊಂಡು ಓಡಿಸಿದ. ಯಾವುದೋ ಕಾರ್ಖಾನೆಗೆಂದು ಸಮ ಮಾಡಿ ಬಿಟ್ಟುಹೋದ ಜಾಗ. ಅವನ ಜಿಪಿಎಸ್, ನನ್ನ ಧ್ವನಿ — ಎರಡೂ ಒಂದನ್ನೇ ಹೇಳಿದವು.

1 ಅಕ್ಟೋಬರ್, ಬುಧವಾರ

ಆಯುಧಪೂಜೆ. ಅಕ್ಕ ಬಟ್ಟಲಿನಲ್ಲಿ ಅರಿಶಿನ ಕಲಸಿಕೊಂಡು ಬಂದಳು. ಚಕ್ರಕ್ಕೆ, ಮೂತಿಯ ಫ್ಯಾನಿಗೆ, ರೆಕ್ಕೆಗೆ, ಪ್ಯಾನೆಲ್ಲಿನ ರಿವೆಟ್ಟುಗಳಿಗೆ. ಚಾಚಿಕೊಂಡ ತುದಿ ಒಂದನ್ನೂ ಬಿಡಲಿಲ್ಲ. ಮೇಲೆ ಕುಂಕುಮ. ಹೊದಿಸಿದ್ದ ಕವರುಗಳನ್ನೆಲ್ಲ ತೆಗೆದುಕೊಟ್ಟವನು ನಾನೇ. ಭಾವ ಕುಂಬಳಕಾಯಿ ಒಡೆದರು, ಸದ್ದಿನ ಅಂದಾಜಿನಲ್ಲಿ.

5 ಅಕ್ಟೋಬರ್, ಭಾನುವಾರ, ಮಧ್ಯಾಹ್ನ

ಭಾವ ಮೊದಲ ಸಲ ಬಲ ಸೀಟಿನಲ್ಲಿ. ಹಾರುವುದಲ್ಲ, ಬಯಲಿನಲ್ಲಿ ಓಡಿಸುವುದಷ್ಟೇ. ಎಂಜಿನ್ನಿನ ಓಟ ಏರಿಳಿಸುವ ಥ್ರಾಟಲ್ ಅವರ ಕೈಯಲ್ಲಿ. ಪ್ಯಾನೆಲ್ ಮೂವತ್ತು ಎಂದಾಗ ಇಳಿಸಬೇಕು.

ಇಳಿಸಲಿಲ್ಲ. ಏರಿಸುತ್ತಲೇ ಹೋದರು. ಮುಂದಿನ ಚಕ್ರ ಎದ್ದಿತು. ಅರುಣ್ ಅವರ ಕೈ ಸರಿಸಿ ಥ್ರಾಟಲ್ ಎಳೆದ. ಅಡ್ಡ ತಿರುಗಿ ಜಾಲಿಯ ಪೊದೆಗೆ ನುಗ್ಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ.

"ಸಾಕು ಸಾಕು ಅಂತ ಬಡ್ಕಂಡೆ ಅಂಕಲ್!"

"ಸೊನ್ನೆ ಅಂತಿತ್ತು ಕಣಪ್ಪ. ಓಡ್ತಾ ಐತೆ ಅಂತ ಮೈಗೆ ಗೊತ್ತಾಯ್ತಿತ್ತು. ಆದ್ರೂ ಅದು ಸೊನ್ನೆ, ಸೊನ್ನೆ ಅಂತಾನೇ ಇತ್ತು. ಇವ್ನ ಮಾತು ನಂಬಿದೆ."

ಇವ್ನ ಎಂದರೆ ನನ್ನ.

ಅದೇ ದಿನ, ಸಂಜೆ

ರೆಕ್ಕೆಯ ಮುಂದೆ ಪೆನ್ನಿನಷ್ಟು ಸಣ್ಣ ಕೊಳವೆಯಿದೆ. ಅದರ ಬಾಯಿಗೆ ಗಾಳಿ ನುಗ್ಗಿದರೆ ಸ್ಪೀಡು ತಿಳಿಯುವುದು. ತಂತಿ ಹಾಕಿದೆ. ಒಣಗಿದ ಹಳದಿ ಹಿಟ್ಟು ಉದುರಿತು.

ಅಕ್ಕ ಕಾಫಿ ಹಿಡಿದು ಹಿಂದೆ ನಿಂತಿದ್ದಳು. ಅಂಗೈ ಚಾಚಿದಳು. ಆ ಪುಡಿಯನ್ನು ಅದರಲ್ಲಿ ಹಾಕಿದೆ. ಏನೆಂದು ವಿವರಿಸಬೇಕಾಗಲಿಲ್ಲ.

ಮುಷ್ಟಿ ಮುಚ್ಚಿಕೊಂಡಳು. "ಅವ್ರಿಗೆ ಹೇಳ್ಬ್ಯಾಡ."

ಬೈತಾರೆ ಅಂತ ಭಯವೇ, ಎಂದೆ.

"ಬೈಯಲ್ಲ ಅವ್ರು. ನಕ್ಬಿಡ್ತಾರೆ. ನಕ್ಕು ಮತ್ತೆ ಹತ್ತುತಾರೆ."

12 ಅಕ್ಟೋಬರ್, ಭಾನುವಾರ

ಅರುಣ್ ಒಬ್ಬನೇ ಓಡಿಸಿದ, ಭಾವನ ಹೆಡ್‌ಫೋನ್ ಹಾಕಿಕೊಂಡು. ಪ್ಯಾನೆಲ್ ಎಲ್ಲವನ್ನೂ ಸರಿಯಾಗಿ ಹೇಳಿತಂತೆ.

"ಏನಾಗಿತ್ತಯ್ಯ?" ಭಾವ ಕೇಳಿದರು.

ಬಿಚ್ಚಿ ನೋಡಿದೆ, ತಪ್ಪೇನೂ ಸಿಗಲಿಲ್ಲ ಎಂದೆ. ರೆಕಾರ್ಡಿನಲ್ಲಿರುವ ಅದೇ ಧ್ವನಿಯಲ್ಲಿ.

"ಏನೂ ಇರ್ಲಿಲ್ವಾ?"

ಇಲ್ಲ.

ತಲೆಯಾಡಿಸಿದರು. ಮುಗಿಯಿತು ಅಂದುಕೊಂಡೆ.

2 ನವೆಂಬರ್, ಭಾನುವಾರ

ಮೂರು ವಾರ ಬರಲಿಲ್ಲ. ವ್ಯಾಲ್ಯುಯೇಷನ್ ಇತ್ತು. ಇಲ್ಲದಿದ್ದರೂ ಬರುತ್ತಿರಲಿಲ್ಲ.

ಎಡಗಣ್ಣಿನ ಬೆಳಕೂ ಹೋಗಿದೆ. ಅದನ್ನು ಅವರು ಕರೆಂಟ್ ಹೋಯಿತು ಎಂಬಂತೆ ಹೇಳಿದರು. ಹೇಳಬೇಕೆಂದಿದ್ದ ವಿಷಯ ಬೇರೆ.

"ಹಿಂದೂಪುರದಾಗೆ ಕಿವಿ ಡಾಕ್ಟ್ರು ಅವ್ರಂತೆ. ಸೋಮಾರ ಬರಾಕೇಳವ್ರೆ."

ಕಿವಿ ಯಾಕೆ?

"ನಿನ್ ಪ್ಯಾನೆಲ್ ಸರಿ ಐತೆ. ಅರುಣೂ ಸರಿ ಐತೆ ಅಂದ. ಅಂದ್ಮೇಲೆ ಅವತ್ತು ಅದು ಸರಿಯಾಗೇ ಹೇಳೈತೆ. ನಂಗೇ ತಪ್ಪಾಗಿ ಕೇಳ್ಸೈತೆ." ಕಿವಿ ಮುಟ್ಟಿಕೊಂಡರು: "ಕಣ್ಣು ಹೋಗ್ವಾಗ ಇಷ್ಟು ಹೆದ್ರಿಕೆ ಆಗಿರ್ಲಿಲ್ಲ ಕಣಯ್ಯ. ಇದೊಂದೈತಲ್ಲ ಅಂತಿದ್ದೆ."

ಪ್ಯಾನೆಲ್ ಬಿಚ್ಚಿಬಿಡು ಎಂದರು. ಅರುಣ್ ಬೇರೆ ಕೆಲಸಕ್ಕೆ ಹೊರಡುವವನಿದ್ದಾನೆ. ಹೋಗುವ ಮುಂಚೆ ಅವನೊಬ್ಬನೇ ಒಮ್ಮೆ ಹಾರಿಸಲಿ, ಸದ್ದಾದರೂ ಕೇಳುತ್ತೇನೆ ಎಂದರು. ಕೂಡಲೇ ತಿದ್ದಿಕೊಂಡರು — "ಕೇಳ್ಸಿದ್ರೆ."

ಅಕ್ಕನ ಕಡೆ ನೋಡಿದೆ. ಅವಳು ಮುದ್ದೆ ತಿರುವುತ್ತಿದ್ದಳು. ತಲೆ ಎತ್ತಲಿಲ್ಲ.

ಸ್ಕ್ರೂಡ್ರೈವರ್ ಸಿಗಲಿಲ್ಲ ಎಂದು ಹೇಳಿ ಪ್ಯಾನೆಲ್ ಬಿಚ್ಚದೆ ಬಂದೆ. ಸ್ಕ್ರೂಡ್ರೈವರ್ ಜೇಬಿನಲ್ಲೇ ಇತ್ತು. ಇಷ್ಟು ಮಾತ್ರ ನನ್ನ ಕೈಲಾಯಿತು.

8 ನವೆಂಬರ್, ಶನಿವಾರ. ರಾಯದುರ್ಗ

ಕ್ಲಾಸಿನ ನಡುವೆ ಅಕ್ಕನ ಫೋನು. ವರಾಂಡಕ್ಕೆ ಹೋದೆ.

"ಹೇಳ್ಬಿಟ್ಟೆ ಕಣೋ."

ಡಾಕ್ಟರು ಏನಂದರು?

"ಕಿವಿ ಚೆನ್ನಾಗೈತೆ ಅಂದ್ರು. ಇವ್ರು ನಂಬ್ಲಿಲ್ಲ. ಬೆಳಗ್ಗೆ ಕುಕ್ಕರ್ ಕೂಗ್ತು. 'ಕೂಗ್ತೇನೇ ಅದು?' ಅಂತ ನನ್ನ ಕೇಳಿದ್ರು. ಕುಕ್ಕರ್‌ನೂ ಕೇಳ್ಬೇಕಾ ಇವ್ರು? ತಡ್ಕಳಾಕಾಗ್ಲಿಲ್ಲ."

ಆಮೇಲೆ?

"ಆಮೇಲೇನು. ನಕ್ರು. ಕೆಮ್ಮು ಬರೋಗಂಟ ನಕ್ರು. ಅರುಣ್‌ಗೆ ಫೋನ್ ಮಾಡಿದ್ರು. ನಾಳೆ ಹೋಯ್ತಾರಂತೆ, ಮೇಲಕ್ಕೇ. ನೀನೂ ಬಾ."

ನಾನು ಬಂದು ಏನು ಮಾಡಲಿ?

"ಏನೂ ಮಾಡ್ಬ್ಯಾಡ. ನನ್ ಪಕ್ಕ ನಿಂತ್ಕ."

9 ನವೆಂಬರ್, ಭಾನುವಾರ, ಬೆಳಗ್ಗೆ 6.50. ರೊಳ್ಳ ರಸ್ತೆಯ ಬಯಲು

ಕೊಳವೆಯ ಬಾಯಿ ನೋಡಿದೆ. ಮತ್ತೆ ನೋಡಿದೆ. ಅರುಣ್ ನೋಡಿದ. ಅಕ್ಕನೂ ಬಗ್ಗಿ ನೋಡಿದಳು, ಸೆರಗಿನಲ್ಲಿ ಕೈ ಮುಚ್ಚಿಕೊಂಡು.

ಭಾವ ರೆಕ್ಕೆಯನ್ನು ತಡವಿಕೊಂಡು ಹೋಗಿ ತಾವೇ ಹತ್ತಿದರು. ಬೆಲ್ಟು ತಾವೇ ಹಾಕಿಕೊಂಡರು. ಪ್ಯಾನೆಲ್ಲಿನ ಮೇಲೆ ಬೆರಳಾಡಿಸಿದರು. ಒಂದು, ಎರಡು, ಮೂರು. ಹೆಡ್‌ಫೋನ್ ಹಾಕುವ ಮುಂಚೆ ನನ್ನ ಕಡೆ ತಿರುಗಿದರು — ನಾನಿದ್ದ ಜಾಗಕ್ಕಿಂತ ಸ್ವಲ್ಪ ಎಡಕ್ಕೆ.

"ಇವತ್ತಾದ್ರೂ ನಿಜ ಹೇಳು ಕಣಯ್ಯ."

7.05

ಬಯಲಿನ ಆ ತುದಿಯಲ್ಲಿ ತಿರುಗಿ ನಿಂತಿದ್ದಾರೆ. ಅಕ್ಕ ಕೂರುವುದಿಲ್ಲ ಎನ್ನುತ್ತಾಳೆ. ನಿಂತುಕೊಂಡೇ ಬರೆಯುತ್ತಿದ್ದೇನೆ, ಕೈಗೆ ಬೇರೇನಾದರೂ ಕೆಲಸ ಬೇಕು.

ಹೊರಟರು.

ಇಲ್ಲಿಗೆ ಎಂಜಿನ್ ಒಂದೇ ಕೇಳುವುದು. ಒಳಗೆ ನಾನು ಅವರ ಕಿವಿಯಲ್ಲಿ ಮಾತಾಡುತ್ತಿದ್ದೇನೆ. ಏನು ಹೇಳುತ್ತಿದ್ದೇನೋ ನನಗೆ ತಿಳಿಯುವಂತಿಲ್ಲ.

"ಎಷ್ಟಂತೈತೆ ಈಗ?" ಅಕ್ಕ ಕೇಳುತ್ತಾಳೆ.

ಗೊತ್ತಿಲ್ಲ ಎಂದೆ.

"ಅಂದಾಜು ಹೇಳೋ."

ಧೂಳು. ನಮ್ಮ ಮುಂದೆಯೇ ಹಾದರು. ಭಾವನ ತಲೆ ಸ್ವಲ್ಪ ಬಾಗಿತ್ತು, ಏನನ್ನೋ ಆಲಿಸುವವರ ಹಾಗೆ. ಮುಂದಿನ ಚಕ್ರ ನೆಲ ಬಿಟ್ಟಿತು. ಅಕ್ಕ ನನ್ನ ತೋಳು ಹಿಡಿದಿದ್ದಾಳೆ, ಅಕ್ಷರ ಅಲುಗುತ್ತಿದೆ. ಹಿಂದಿನವು ಇನ್ನೂ —